ಎರಡು ಸಲ ಬಂದ ಎಂಟನೇ ತಿಂಗಳು

ಹೊಯಿ ಆನ್
3 ಆಗಸ್ಟ್ 1995

ತಮ್ಮ ಬಾಂಗ್‌ಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ನಿನ್ನ ಎದೆ ಹೊಡೆದುಕೊಂಡಿರುತ್ತದೆ ಎಂದು ಬಲ್ಲೆ. ಹೆದರಬೇಡ, ಯಾರೂ ಸತ್ತಿಲ್ಲ. ಏಳನೇ ಅತ್ತೆಗೂ ಏನೂ ಆಗಿಲ್ಲ. ಹಲ್ಲು ಮಾತ್ರ ಎಲ್ಲ ಉದುರಿವೆ, ನಾಲಿಗೆ ಹಾಗೇ ಇದೆ.

ಮೂರು ವರ್ಷದ ಹಿಂದೆ ಅಪ್ಪ ಹೋದ ಮೇಲೆ ನಾನು ನಿನಗೆ ಬರೆದದ್ದು ನಾಲ್ಕೇ ಸಾಲು. ಆ ನಾಲ್ಕು ಸಾಲು ನಿನಗೆ ಬಾಯಿಪಾಠವಾಗಿರುತ್ತದೆ. ನನಗೂ ಆಗಿದೆ. ಅದರ ಬಗ್ಗೆ ಇವತ್ತು ಏನೂ ಬರೆಯುವುದಿಲ್ಲ. ಬರೆಯಲು ಕೂತರೆ ಈ ಕಾಗದವೂ ಹರಿದುಹೋಗುತ್ತದೆ, ಇದು ಐದನೆಯದು.

ವಿಷಯ ಇಷ್ಟೇ. ಚಂದ್ರನ ಲೆಕ್ಕದ ಎಂಟನೇ ತಿಂಗಳ ಇಪ್ಪತ್ತಕ್ಕೆ ಅಪ್ಪನ ಮೂರನೇ ತಿಥಿ. ನೀನು ಬಾ. ಊದುಬತ್ತಿ ಹಚ್ಚಬೇಕಾದವನು ಮಗ. ಮೂರು ವರ್ಷದಿಂದ ನಾನೇ ಹಚ್ಚುತ್ತಿದ್ದೇನೆ. ಅಪ್ಪ ಬೇಡ ಎನ್ನಲಿಕ್ಕಿಲ್ಲ, ಆದರೆ ಹೊಗೆ ನನ್ನ ಕಣ್ಣಿಗೇ ಬರುತ್ತದೆ.

ಊರು ಈಗ ನಿನಗೆ ಗುರುತು ಸಿಗಲಿಕ್ಕಿಲ್ಲ. ಬೆನ್ನಿಗೆ ಚೀಲ ಹೇರಿಕೊಂಡ ಬಿಳಿಯರು ಬರತೊಡಗಿದ್ದಾರೆ. ಪಾಚಿಗಟ್ಟಿದ ಹೆಂಚು, ಗೋಡೆಯ ಮೇಲಿನ ನೆರೆಯ ಗುರುತು, ಏನು ಕಂಡರೂ ಬಾಯಿಬಿಟ್ಟು ನಿಲ್ಲುತ್ತಾರೆ. ಮೊನ್ನೆ ಒಬ್ಬ ನಮ್ಮ ಬಾಗಿಲ ಕಣ್ಣುಗಳ ಫೋಟೋ ತೆಗೆದ. ಬಾಗಿಲ ಮೇಲೆ ಮನೆ ಕಾಯುವ ಆ ಮರದ ಕಣ್ಣುಗಳಲ್ಲಿ ಎಡದ್ದು ಸಡಿಲವಾಗಿ ಕೆಳಕ್ಕೆ ವಾಲಿದೆ. ನೀನು ಚೆಂಡು ಹೊಡೆದ ಕಣ್ಣು ಅದು. ಬಂದವರನ್ನೆಲ್ಲ ಅನುಮಾನದಿಂದ ನೋಡುವ ಹಾಗೆ ಕಾಣಿಸುತ್ತದೆ ಎಂದು ಅತ್ತೆ ನಗುತ್ತಾಳೆ.

ನಾನು ಎಂದಿನಂತೆ ಬಾ ಲೆ ಬಾವಿಯ ನೀರು ಹೊರುತ್ತೇನೆ, ಬೂದಿನೀರು ಸೋಸುತ್ತೇನೆ, ಅದರಲ್ಲಿ ಹಿಟ್ಟು ನಾದುತ್ತೇನೆ, ಬೆಳಗಾಗುವಷ್ಟರಲ್ಲಿ ಶಾವಿಗೆ ಕೊಯ್ದು ಕಾವ್ ಲಾವ್ ಮಾಡುವ ಅಂಗಡಿಗಳಿಗೆಲ್ಲ ಕೊಡುತ್ತೇನೆ. ಮದುವೆಯಾಗಲಿಲ್ಲ, ಶಾವಿಗೆಯನ್ನೇ ಕಟ್ಟಿಕೊಂಡೆ. ಜಗಳವಾಡುವುದಿಲ್ಲ, ಕುಡಿದು ಬರುವುದಿಲ್ಲ, ಒಳ್ಳೆಯ ಗಂಡ.

ನಿನ್ನ ಹೆಂಡತಿ ಮಿಯೆನ್‌ಗೂ ಮಗಳಿಗೂ ನನ್ನ ನೆನಪು ಹೇಳು. ಹುಡುಗಿಯ ಹೆಸರು ಕೂಕ್ ಅಲ್ಲವೇ? ಬೇರೆಯವರ ಬಾಯಿಂದ ಕೇಳಿದೆ.

ಬರುತ್ತೀಯ ತಾನೆ?

ನಿನ್ನ ಅಕ್ಕ
ಲಾಯ್


ಹೊಯಿ ಆನ್
15 ಸೆಪ್ಟೆಂಬರ್ 1995
(ಅಂಚೆಗೆ ಹಾಕಲಿಲ್ಲ)

ಬಾಂಗ್,

ನಿನ್ನೆ ತಿಥಿ ಮುಗಿಯಿತು. ನೀನು ಬರಲಿಲ್ಲ.

ಬೆಳಗಿನಿಂದ ನನ್ನ ಕಿವಿಯೆಲ್ಲ ಬೀದಿಯಲ್ಲೇ. ಅಡುಗೆ ಮನೆಯಿಂದ ಮೂರು ಸಲ ಓಡಿ ಬಂದೆ. ಒಮ್ಮೆ ಅಂಚೆಯವನು, ಒಮ್ಮೆ ಸೊಪ್ಪಿನವಳು, ಒಮ್ಮೆ ಯಾರೂ ಅಲ್ಲ. ಅಪ್ಪನ ಪಟದ ಮುಂದೆ ಹಂದಿಮಾಂಸ, ಸೀಗಡಿ, ಅಂಟಕ್ಕಿ ಅನ್ನ, ಕಾವ್ ಲಾವ್ ಎಲ್ಲ ಇಟ್ಟೆ. ನಿನಗೂ ಒಂದು ಬಟ್ಟಲು ಹಾಕಿ ಅದರ ಮೇಲೆ ತಟ್ಟೆ ಮುಚ್ಚಿದೆ. ಮೇಲೆ ಉದುರಿಸುವ ಕರಿದ ಹಪ್ಪಳದ ತುಂಡು ಮೆತ್ತಗಾಗಬಾರದೆಂದು ಬೇರೆ ಇಟ್ಟೆ. ಬಿಸಿಲು ಇಳಿಯಿತು.

ಅತ್ತೆ ಹೇಳಿದಳು, "ಬರೋನಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ದ ಕಣೇ. ಸಾಕು, ನೀನಾದ್ರೂ ಉಣ್ಣು."

ಆ ಬಟ್ಟಲನ್ನು ನಾನೇ ಉಂಡೆ. ಆರಿದ ಕಾವ್ ಲಾವ್ ಎಷ್ಟು ಕೆಟ್ಟದಾಗಿರುತ್ತದೆ ಎಂದು ನಲವತ್ತೊಂದು ವರ್ಷಕ್ಕೆ ಗೊತ್ತಾಯಿತು.

ನನ್ನ ತಪ್ಪೂ ಇದೆ, ಬಲ್ಲೆ. ಆದರೆ ಬಾ ಎಂದು ಬರೆಯಲು ನನಗೆ ಮೂರು ವರ್ಷ ಬೇಕಾಯಿತು ಮಾರಾಯ. ಬರಲ್ಲ ಎಂದು ಎರಡು ಅಕ್ಷರ ಗೀಚಲು ನಿನಗೇನಾಗಿತ್ತು?

ಲಾಯ್


ಹಾಯ್ ಫಾಂಗ್
27 ಸೆಪ್ಟೆಂಬರ್ 1995

ಅಕ್ಕನಿಗೆ,

ನಿನ್ನ ಕಾಗದ ಸಿಕ್ಕಿದ್ದು ನಿನ್ನೆ. ಏಳು ವಾರ ಸಮುದ್ರದಲ್ಲಿದ್ದೆ. ಹಡಗಿನ ಯಂತ್ರ ದಾರಿಯಲ್ಲಿ ಕೈಕೊಟ್ಟು ಪರದೇಶದ ಬಂದರಿನಲ್ಲಿ ಬಿದ್ದಿದ್ದೆವು. ಮೇಸ್ತ್ರಿ ನಾನೇ ಆದ್ದರಿಂದ ಬೈಗುಳವೆಲ್ಲ ನನಗೇ. ಮಿಯೆನ್ ಆ ಕಾಗದವನ್ನು ಅಕ್ಕಿ ಡಬ್ಬದಲ್ಲಿಟ್ಟು ಕಾಯುತ್ತಿದ್ದಳು. ಒಡೆದಿರಲಿಲ್ಲ. "ಬೈಗುಳ ಇದ್ರೆ ನೀವೇ ಓದ್ಕೊಳ್ಳಿ" ಎಂದಳು.

ಬಾ ಎಂಬ ಒಂದು ಮಾತನ್ನು ನಾನು ಎಷ್ಟು ಸಲ ಓದಿದೆನೋ. ಓದುವಾಗ ತುಟಿ ಅಲುಗುತ್ತಿತ್ತಂತೆ, ಕೂಕ್ ನೋಡಿ ನಕ್ಕಳು.

ಮೊದಲು ದಿನ ಮೀರಿತೇನೋ ಎಂದು ಹೆದರಿದೆ. ಗೋಡೆಯ ಕ್ಯಾಲೆಂಡರ್ ನೋಡಿದೆ. ಎಂಟನೇ ತಿಂಗಳ ಮೂರು! ಇನ್ನೂ ಹದಿನೇಳು ದಿನ ಇತ್ತು. ಆ ಹಾಳು ಹಡಗಿನ ಮೇಲೆ ಮೊದಲ ಸಲ ಪ್ರೀತಿ ಬಂತು. ದಾ ನಾಂಗ್‌ಗೆ ಸಿಮೆಂಟ್ ಒಯ್ಯುವ ದೋಣಿಯಲ್ಲಿ ಜಾಗ ಕೇಳಿದ್ದೇನೆ. ಇಪ್ಪತ್ತಕ್ಕೆ ಸರಿಯಾಗಿ ಬಾಗಿಲಲ್ಲಿರುತ್ತೇನೆ.

ಅಕ್ಕಾ, ಒಂದೇ ಮಾತು. ಅಪ್ಪ ಕೊನೆಯವರೆಗೂ ನನ್ನ ಹೆಸರೆತ್ತಲಿಲ್ಲ ಎಂದು ನೀನು ಬರೆದಿದ್ದೆ. ಅದಕ್ಕೆ ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಅಂಥ ಮಾತಾಡಿ ಹೊರಟವನು ನಾನು. ಹನ್ನೊಂದು ವರ್ಷದ ಹಿಂದೆ ಅವರ ಮುಂದೆ ನಿಂತು, "ನಿಮ್ ಬೂದಿನೀರಲ್ಲಿ ಮುಳುಗಿ ಸಾಯಲ್ಲ ನಾನು" ಎಂದೆ. ಅವರು ಸೋಸುವುದನ್ನು ನಿಲ್ಲಿಸಲೇ ಇಲ್ಲ. ಬಟ್ಟೆಯಿಂದ ನೀರು ತೊಟ್ಟಿಕ್ಕುವ ಸದ್ದು ಈಗಲೂ ಕೇಳುತ್ತದೆ. ಹೆಸರೆತ್ತದ ಅಪ್ಪನಿಗೆ ಊದುಬತ್ತಿ ಹಚ್ಚುವುದು ಹೇಗೆ ಎಂಬ ಅಳುಕು ನನಗೆ. ನೀನು ಪಕ್ಕದಲ್ಲಿ ನಿಂತಿರು.

ನಿನ್ನ ತಮ್ಮ
ಬಾಂಗ್


ದಾ ನಾಂಗ್ ಬಂದರು
14 ಅಕ್ಟೋಬರ್ 1995

ಅಕ್ಕನಿಗೆ,

ನಿನ್ನೆ ಬಂದಿದ್ದೆ. ನೀನು ಹೇಳಿದ ದಿನವೇ, ಎಂಟನೇ ತಿಂಗಳ ಇಪ್ಪತ್ತು.

ಬಾಗಿಲಿಗೆ ಹಲಗೆ ಹಾಕಿ ಮುಚ್ಚಿತ್ತು. ತಿಥಿಯ ಮನೆಯೆಂದರೆ ಬೀದಿಯ ತುದಿಯಲ್ಲೇ ಗೊತ್ತಾಗಬೇಕು. ಹೊಸ್ತಿಲಲ್ಲಿ ಚಪ್ಪಲಿಗಳ ರಾಶಿ, ಈರುಳ್ಳಿ ಕರಿದ ವಾಸನೆ, ಅತ್ತೆಯ ದನಿ. ಒಂದು ಬೆಕ್ಕು ಸಹ ಇರಲಿಲ್ಲ. ಆ ವಾಲಿದ ಕಣ್ಣು ಮಾತ್ರ ನನ್ನನ್ನು ನೋಡುತ್ತಿತ್ತು. ಬಡಿಯಲು ಕೈ ಎತ್ತಿದೆ, ಬಡಿಯಲಿಲ್ಲ. ಅಪ್ಪನ ತಿಥಿಯನ್ನು ಬೇರೆ ಎಲ್ಲೋ ಇಟ್ಟುಕೊಂಡು, ಮುಚ್ಚಿದ ಬಾಗಿಲ ಮುಂದೆ ನಿಲ್ಲಲಿ ಎಂದು ನನ್ನನ್ನು ಕರೆಸಿದೆ ಅನಿಸಿತು. ಹಾಗೆ ಅನಿಸಿದ್ದನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.

ಎದುರಿನ ಕಾವ್ ಲಾವ್ ಅಂಗಡಿಯಲ್ಲಿ ಕೂತೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಕೂತೆ. ಅಂಗಡಿಯವಳು ಹೊಸಬಳು, ನನ್ನ ಗುರುತಿಲ್ಲ.

"ಎಲ್ಲಿಂದ ಬಂದ್ರಿ ಅಣ್ಣಾ?"

"ಹಾಯ್ ಫಾಂಗ್."

"ಓಹೋ, ಊರು ನೋಡೋಕೆ ಬಂದ್ರಾ? ಮಾತಲ್ಲೇ ಗೊತ್ತಾಯ್ತು ಬಿಡಿ, ಉತ್ತರದವ್ರು ಅಂತ. ಮೊದ್ಲು ಆ ಕಡೆ ಹೋಗಿ ಜಪಾನಿ ಸೇತುವೆ ನೋಡ್ಕೊಂಡ್ ಬನ್ನಿ. ಮೆಟ್ಟಿಲು ಜಾರತ್ತೆ, ಜೋಪಾನ."

ಹನ್ನೆರಡನೇ ವಯಸ್ಸಿನಲ್ಲಿ ನಾನು ಹಾರಿ ಹಲ್ಲು ಮುರಿದುಕೊಂಡ ಸೇತುವೆಗೆ ಅವಳು ನನಗೆ ದಾರಿ ಹೇಳಿದಳು. ಆಯಿತಮ್ಮ ಎಂದೆ.

ಎರಡು ಬಟ್ಟಲು ತಿಂದೆ. ಮೊದಲ ತುತ್ತಿಗೇ ತಿಳಿಯಿತು, ಇದು ನಮ್ಮ ಮನೆಯ ಶಾವಿಗೆ. ಅಪ್ಪನದಕ್ಕಿಂತ ಒಂದಿಷ್ಟು ಗಟ್ಟಿ. ಯಾರದು ಎಂದು ಕೇಳಿದ್ದಕ್ಕೆ ಅವಳು, "ಎದುರುಮನೆ ಲಾಯ್ ಅಕ್ಕಂದು. ಆ ಕೈ ಬಿಟ್ರೆ ಈ ಊರಲ್ಲಿ ಬೇರೆ ಕೈ ಇಲ್ಲ. ಬಾಯಿ ಮಾತ್ರ ಸ್ವಲ್ಪ ಜೋರು" ಎಂದಳು. ನೀನೆಲ್ಲಿ ಎಂದು ಕೇಳಲು ನಾಲಿಗೆಯ ತುದಿಗೆ ಬಂದಿತ್ತು. ಊರು ನೋಡಲು ಬಂದವನಿಗೆ ಅದೆಲ್ಲ ಯಾಕೆ?

ಒಣ ಬೊಂಡಾಸ ಮೀನಿನ ಕಟ್ಟೊಂದನ್ನು ಹಲಗೆಯ ಕೊಂಡಿಗೆ ತೂಗುಹಾಕಿ ಬಂದಿದ್ದೇನೆ. ಅಪ್ಪನಿಗೆ ಇಷ್ಟವಿತ್ತು.

ನಾಳೆ ದೋಣಿ ಹೊರಡುತ್ತದೆ. ಮತ್ತೆ ಕರೆಯಬೇಡ ಅಕ್ಕಾ. ಇಂಥದ್ದನ್ನು ಎರಡನೇ ಸಲ ತಾಳಿಕೊಳ್ಳುವ ಶಕ್ತಿ ನನಗಿಲ್ಲ.

ಬಾಂಗ್


ಹೊಯಿ ಆನ್
24 ಅಕ್ಟೋಬರ್ 1995

ಲೋ ಬಾಂಗ್, ಲೋ ಮುಟ್ಠಾಳ, ನನ್ನ ಮುದ್ದು ಮುಟ್ಠಾಳ,

ಅಧಿಕ ಮಾಸ ಕಣೋ! ಈ ವರ್ಷ ಎಂಟನೇ ತಿಂಗಳು ಎರಡು! ಮೊದಲನೆಯದು ನಿಜದ್ದು, ಎರಡನೆಯದು ಅಧಿಕ. ತಿಥಿ ಮಾಡುವುದು ಮೊದಲನೆಯದರಲ್ಲಿ. ನಮ್ಮ ಬೀದಿಯ ಕೂಸುಗಳಿಗೂ ಗೊತ್ತಿರುವುದು ಇದು. ಅದಕ್ಕೇ ನಾನು ಬರೆಯಲಿಲ್ಲ; ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ಯಾರಾದರೂ ಬರೆಯುತ್ತಾರೆಯೇ? ಅಪ್ಪನ ತಿಥಿ ಸೆಪ್ಟೆಂಬರ್ ಹದಿನಾಲ್ಕಕ್ಕೇ ಮುಗಿದಿತ್ತು. ನೀನು ಬಂದದ್ದು ಸರಿಯಾಗಿ ಒಂದು ತಿಂಗಳು ತಡವಾಗಿ, ಅದೂ ಮಹಾ ನಿಷ್ಠೆಯಿಂದ, ಹೇಳಿದ ದಿನಕ್ಕೇ!

ರೈಲು ದಾರಿ ಮಳೆಯಲ್ಲಿ ಕೊಚ್ಚಿಹೋಗಿ ಅಂಚೆ ನಿಂತುಬಿಟ್ಟಿತ್ತು. ನಿನ್ನ ಎರಡು ಕಾಗದಗಳೂ ನಿನ್ನೆ ಒಟ್ಟಿಗೆ ಬಂದವು. ಮೊದಲನೆಯದು ಓದಿ ನಕ್ಕೆ, ಎರಡನೆಯದು ಓದಿ ಅಡುಗೆ ಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಹಿಟ್ಟು ಹುಳಿ ಬಂದು ಹಾಳಾಯಿತು. ಇವತ್ತು ಊರಿಗೆ ಕಾವ್ ಲಾವ್ ಇಲ್ಲ. ನಿನ್ನ ದೆಸೆಯಿಂದ.

ಆ ದಿನ ನಾನು ಎಲ್ಲಿಗೂ ಓಡಿಹೋಗಿರಲಿಲ್ಲ. ಗಾಳಿಮಳೆ ಬರುತ್ತದೆಂದು ರೇಡಿಯೋ ಹೇಳಿತ್ತು. ಏಳನೇ ಅತ್ತೆಯ ಮನೆಯ ಮಾಡಿನ ಮೇಲೆ ಮರಳಿನ ಚೀಲ ಹೇರಲು ಕಡಲ ದಂಡೆಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಕೊಂಡಿಯಲ್ಲಿ ಮೀನಿನ ಕಟ್ಟು. ಎದುರಿನ ಅಂಗಡಿಯ ಸೂಯೆನ್‌ಳನ್ನು ಕೇಳಿದೆ.

"ಯಾರೋ ಉತ್ತರದವ್ರು ಅಕ್ಕಾ, ಊರು ನೋಡೋಕೆ ಬಂದಿದ್ರು. ವಿಚಿತ್ರ ಮನುಷ್ಯ. ಹಪ್ಪಳದ ತುಂಡನ್ನೆಲ್ಲ ಬಟ್ಟಲ ಅಂಚಿಗೆ ಸಾಲಾಗಿ ಜೋಡಿಸಿಟ್ಟು, ಎಲ್ಲಾ ಮುಗಿದ್ಮೇಲೆ ಒಂದೊಂದಾಗಿ ತಿಂದ್ರು. ಹಂಗ್ ತಿನ್ನೋರ್ನ ನಾನು ನೋಡೇ ಇಲ್ಲ."

ನಾನು ನೋಡಿದ್ದೇನೆ. ಇಬ್ಬರನ್ನು. ಒಬ್ಬರು ಪಟದಲ್ಲಿದ್ದಾರೆ. ನಾನು ಹೊಳೆ ದಂಡೆಯವರೆಗೂ ಚಪ್ಪಲಿಯಿಲ್ಲದೆ ಓಡಿದೆ. ಯಾವ ದೋಣಿ, ಯಾವ ಬಸ್ಸು, ಯಾರಿಗೆ ಗೊತ್ತು? ಬಂದವನು ನನ್ನ ಮುಖ ನೋಡದೆ ಹೋದ ಎಂದುಕೊಂಡು ವಾಪಸು ಬಂದೆ. ಹತ್ತು ದಿನ ಹಾಗೆಯೇ ಅಂದುಕೊಂಡಿದ್ದೆ.

ಈಗ ಬರೆಯಲೇಬೇಕಾದದ್ದು ಬರೆಯುತ್ತೇನೆ. ಹೆಸರೆತ್ತದ ಅಪ್ಪ ಎಂದು ನೀನು ಬರೆದದ್ದನ್ನು ಓದಿದ ಮೇಲೆ ಸುಮ್ಮನಿದ್ದರೆ ನಾನು ಮನುಷ್ಯಳಲ್ಲ.

ಅದು ಸುಳ್ಳು, ಬಾಂಗ್. ನಾನು ಬರೆದ ಸುಳ್ಳು. ಕೊನೆಯ ದಿನ ಮಧ್ಯಾಹ್ನ ಅಪ್ಪ ನಿನ್ನ ಹೆಸರನ್ನು ಮೂರು ಸಲ ಹೇಳಿದರು. "ಬಾಂಗ್ ಬಂದ್ರೆ ಮೊದ್ಲು ಊಟ ಹಾಕು. ಬೈಯೋದಿದ್ರೆ ಆಮೇಲೆ ಬೈಯಿ." ಇಷ್ಟೇ ಮಾತು. ನಾನು ಹೂಂ ಎಂದೆ. ಅವರು ಹೋದರು, ತಂತಿ ಕಳಿಸಿದೆ, ನೀನು ಬರಲಿಲ್ಲ. ಸಮುದ್ರದ ಮೇಲಿದ್ದವನಿಗೆ ತಂತಿ ಹೇಗೆ ಸಿಗಬೇಕು? ಅದು ಆಗಲೂ ನನಗೆ ಗೊತ್ತಿತ್ತು. ಆದರೆ ಹೆಣ ಎತ್ತುವಾಗ ಮಗನಿಲ್ಲದ್ದು ನೋಡಿ ನನ್ನ ಹೊಟ್ಟೆ ಉರಿಯಿತು. ಎಂಟು ವರ್ಷ ನೀರು ಹೊತ್ತವಳು ನಾನು, ಅವರ ಬಾಯಲ್ಲಿ ಬಂದದ್ದು ನಿನ್ನ ಹೆಸರು. ಆ ಹೊಟ್ಟೆಕಿಚ್ಚಿಗೆ ಆ ನಾಲ್ಕು ಸಾಲು ಬರೆದೆ. ಅಪ್ಪ ಬಿಟ್ಟುಹೋದ ಮಾತನ್ನು ನಿನಗೆ ತಲುಪಿಸಲಿಲ್ಲ. ಮೂರು ವರ್ಷ ಅದನ್ನು ನಾನೇ ಇಟ್ಟುಕೊಂಡೆ.

ತಿಥಿಯ ಮರುದಿನ ಬರೆದು ಅಂಚೆಗೆ ಹಾಕದೆ ಇಟ್ಟ ಕಾಗದವನ್ನೂ ಇದರ ಜೊತೆಗಿಟ್ಟಿದ್ದೇನೆ. ನಿನಗೆ ಬಟ್ಟಲು ಇಟ್ಟಿದ್ದೆ ಎನ್ನುವುದಕ್ಕೆ ಸಾಕ್ಷಿ.

ಇವತ್ತು ಒಂಬತ್ತನೇ ತಿಂಗಳು ಹುಟ್ಟಿತು. ಆ ಹಾಳು ಅಧಿಕ ಮಾಸ ಕೊನೆಗೂ ತೊಲಗಿತು. ನಿನಗೆ ಸಿಟ್ಟು ಬಂದರೆ ಬರಲಿ, ಆದರೆ ಬರೆ.

ನಿನ್ನ ಅಕ್ಕ, ಸುಳ್ಳಿ
ಲಾಯ್


ಹಾಯ್ ಫಾಂಗ್
6 ನವೆಂಬರ್ 1995

ಅಕ್ಕನಿಗೆ,

ಸಿಟ್ಟು ಬಂತು. ಒಂದು ದಿನ ಪೂರ್ತಿ ಬಂತು. ಬಂದರಿನ ಕಟ್ಟೆಯ ಮೇಲೆ ಹೋಗಿ ಕೂತೆ. ಮೂರು ವರ್ಷ ಈ ಮಾತಿಲ್ಲದೆ ಬದುಕಿದೆನಲ್ಲ ಎಂದು ಸಂಕಟ. ಆಮೇಲೆ ಆ ಮಾತನ್ನು ಮತ್ತೆ ಓದಿಕೊಂಡೆ. ಅಪ್ಪನ ದನಿಯಲ್ಲೇ ಕೇಳಿಸಿತು ಅಕ್ಕಾ. ಬೈಯಿ ಎನ್ನುವಾಗ ಅವರು ಹುಬ್ಬು ಏರಿಸುತ್ತಿದ್ದರಲ್ಲ, ಅದೂ ಕಾಣಿಸಿತು. ಅಷ್ಟು ಹೊತ್ತಿಗೆ ನಾನು ಅಳುತ್ತಿದ್ದೆ. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತು, "ಹೆಂಡ್ತಿ ಹೊರಗ್ ಹಾಕಿದ್ಲಾ?" ಎಂದು ಕೇಳಿದಳು.

ಮನೆಗೆ ಬಂದು ಕ್ಯಾಲೆಂಡರಿನ ಹರಿದ ಹಾಳೆಗಳನ್ನು ಹುಡುಕಿದೆ. ಕೂಕ್ ಅವುಗಳ ಹಿಂದೆ ಚಿತ್ರ ಬರೆಯುತ್ತಾಳೆ, ಎಲ್ಲ ಇಟ್ಟುಕೊಂಡಿದ್ದಳು. ನಾನು ನೋಡಿದ್ದ ದಿನದ ಹಾಳೆಯ ಹಿಂದೆ ಬಾತುಕೋಳಿ ಇತ್ತು. ತಿರುಗಿಸಿ ಅವಳೇ ಬೆರಳಿಟ್ಟಳು.

"ಇಲ್ಲಿ ನೋಡಪ್ಪಾ, ಸಣ್ಣಕ್ಷರದಲ್ಲಿ ಅಧಿಕ ಅಂತ ಇದೆ. ಇಷ್ಟ್ ದೊಡ್ಡೋರಾಗಿ ಓದಕ್ ಬರಲ್ವಾ?"

ಹಡಗಿನವರು ಭರತ ಇಳಿತಕ್ಕೆ ಚಂದ್ರನನ್ನು ನೋಡುತ್ತೇವೆ. ಇವತ್ತು ಮೂರನೇ ದಿನ, ಇವತ್ತು ಹುಣ್ಣಿಮೆ, ಅಷ್ಟೇ ಲೆಕ್ಕ. ಯಾವ ತಿಂಗಳ ಚಂದ್ರ ಎಂದು ಯಾರೂ ಕೇಳುವುದಿಲ್ಲ. ಮೂರು ಎಂದು ಕಂಡಿತು, ನನಗೆ ಬೇಕಾದದ್ದೂ ಅದೇ ಆಗಿತ್ತು. ಇನ್ನೊಮ್ಮೆ ನೋಡಲು ಹೆದರಿದೆನೋ ಏನೋ.

ನಿನ್ನ ಹೊಟ್ಟೆಕಿಚ್ಚು ನ್ಯಾಯವಾದದ್ದು. ನೀರು ಹೊತ್ತವಳು ನೀನು. ನಾನು ಬರೀ ಹೆಸರು ಹೊತ್ತವನು.

ಆರಿದ ಬಟ್ಟಲನ್ನು ಉಂಡೆ ಎಂದು ನೀನು ಬರೆದ ಕಾಗದವನ್ನು ಮಿಯೆನ್ ಓದಿದಳು. ಆಮೇಲೆ ನನ್ನ ಪ್ರಯಾಣದ ಚೀಲವನ್ನು ಒಗೆದು ಒಣಹಾಕಿದಳು. ಮುಂದಿನ ವರ್ಷದ ತಿಥಿಗೆ ಮೂವರೂ ತಪ್ಪದೆ ಬರುತ್ತೇವೆ.

ಶಾವಿಗೆ ಗಟ್ಟಿ ಎಂದದ್ದಕ್ಕೆ ಬೇಸರವಿಲ್ಲ ತಾನೆ?

ಬಾಂಗ್


ಹೊಯಿ ಆನ್
16 ನವೆಂಬರ್ 1995

ಬಾಂಗ್,

ಬೇಸರ ಇದೆ. ಅಪ್ಪನ ಶಾವಿಗೆ ಮೆತ್ತಗಿತ್ತು, ಕೊನೆಯ ಹತ್ತು ವರ್ಷ ಅವರ ಕೈಯಲ್ಲಿ ನಾದುವ ಬಲ ಇರಲಿಲ್ಲ. ಅದನ್ನೇ ನೀನು ರುಚಿ ಎಂದುಕೊಂಡೆ. ಬಂದಾಗ ಈ ಜಗಳ ಮುಗಿಸೋಣ.

ಆದರೆ ಮುಂದಿನ ವರ್ಷವಂತೆ! ನಿನ್ನ ಲೆಕ್ಕದ ಮುಂದಿನ ವರ್ಷ ಯಾವಾಗ ಬರುತ್ತದೋ ಯಾರಿಗೆ ಗೊತ್ತು. ನಾನು ಇನ್ನೊಮ್ಮೆ ತಿಥಿ ಮಾಡುತ್ತೇನೆ ಎಂದೆ. ಏಳನೇ ಅತ್ತೆ ಹಾರಿಬಿದ್ದಳು.

"ಒಂದು ವರ್ಷಕ್ಕೆ ಎರಡು ತಿಥಿನಾ? ಸತ್ತೋರು ಗಲಿಬಿಲಿ ಆಗ್ತಾರೆ ಕಣೇ! ನಮ್ಮಣ್ಣ ಮೊದ್ಲೇ ಮರೆಗುಳಿ."

ಅರ್ಧ ದಿನ ವಾದ ಮಾಡಿದೆವು. ಕೊನೆಗೆ ಅವಳೇ ದಾರಿ ತೋರಿಸಿದಳು. ಹುಣ್ಣಿಮೆಗೆ ಹಿರಿಯರಿಗೆ ಎಡೆ ಇಡುವುದು ಇದ್ದೇ ಇದೆ. ಹತ್ತನೇ ತಿಂಗಳ ಹುಣ್ಣಿಮೆ, ಡಿಸೆಂಬರ್ ಆರು. ಎಡೆಯ ಮೇಲೆ ಏನೇನು ಇಡುತ್ತೇವೆ, ಎಷ್ಟು ಇಡುತ್ತೇವೆ ಎಂದು ಯಾರೂ ಬಂದು ಎಣಿಸುವುದಿಲ್ಲ. "ಅಣ್ಣ ಹುಣ್ಣಿಮೆ ಅಂತ ಬರ್ತಾನೆ, ಮಗನ್ನ ನೋಡ್ಕೊಂಡು ಹೋಗ್ತಾನೆ, ಅಷ್ಟೇ" ಎಂದಳು.

ಈ ವರ್ಷ ಹತ್ತನೇ ತಿಂಗಳು ಒಂದೇ ಇದೆ. ನಾನು ನೋಡಿದೆ, ಅತ್ತೆ ನೋಡಿದಳು, ಸೂಯೆನ್ ನೋಡಿದಳು. ನೀನು ನೋಡಬೇಡ. ಕೂಕ್‌ಳ ಕೈಯಲ್ಲಿ ಓದಿಸು.

ನೆರೆ ಎರಡನೇ ಮೆಟ್ಟಿಲವರೆಗೆ ಬಂದು ಹೋಯಿತು. ಬಾಗಿಲು ಊದಿಕೊಂಡಿದೆ, ಹಲಗೆ ಕೂರುತ್ತಿಲ್ಲ. ಕೂತರೂ ಆ ದಿನ ಹಾಕುವುದಿಲ್ಲ.

ಲಾಯ್


ಹೊಯಿ ಆನ್
14 ಡಿಸೆಂಬರ್ 1995

ಬಾಂಗ್,

ಕ್ಷೇಮವಾಗಿ ತಲುಪಿದಿರಾ? ಮನೆ ಬಿಕೋ ಎನ್ನುತ್ತಿದೆ. ನಿನ್ನೆ ರೂಢಿಯಾಗಿ ಐದು ಬಟ್ಟಲು ತೆಗೆದೆ. ಅತ್ತೆ ಮೂರನ್ನು ವಾಪಸು ಇಟ್ಟಳು.

ನೀನು ಮೊಳೆ ಹೊಡೆದ ಕಣ್ಣು ಈಗ ನೆಟ್ಟಗೆ ನಿಂತಿದೆ. ಬೀದಿಯ ಆ ತುದಿಯವರೆಗೂ ನೋಡುತ್ತದೆ. ಕೂಕ್ ಆ ಕಣ್ಣಿಗೆ ಕಟ್ಟಿದ ಕೆಂಪು ಬಟ್ಟೆಯ ಗಂಟು ಸೊಟ್ಟಗಿದೆ. ಬಿಚ್ಚಲು ಮನಸ್ಸಿಲ್ಲ, ಹೊಸ ವರ್ಷದ ಟೆಟ್ ಹಬ್ಬಕ್ಕೂ ಅದೇ ಇರಲಿ. ಸೂಯೆನ್ ಈಗಲೂ ನಾಚಿಕೊಳ್ಳುತ್ತಾಳೆ, "ಈ ಊರಿನವ್ರಿಗೇ ಸೇತುವೆಗೆ ದಾರಿ ಹೇಳಿದ್ನಲ್ಲಾ ಅಕ್ಕಾ" ಎಂದು. ಆ ಸೇತುವೆಯಿಂದಲೇ ಹಾರಿ ಹಲ್ಲು ಮುರಿದುಕೊಂಡವನು ಎಂದ ಮೇಲೆ ನಕ್ಕಳು.

ಒಂದು ವಿಷಯ ನಿನಗೆ ಹೇಳಲಿಲ್ಲ. ಎಡೆ ತೆಗೆಯುವಾಗ ನೋಡಿದೆ. ಅಪ್ಪನ ಬಟ್ಟಲಿನಲ್ಲಿದ್ದ ಹಪ್ಪಳದ ತುಂಡುಗಳೆಲ್ಲ ಅಂಚಿಗೆ ಸಾಲಾಗಿ ಜೋಡಿಸಿದ್ದವು. ನಾನು ಅವನ್ನು ಮೇಲೆ ಉದುರಿಸಿ ಇಟ್ಟಿದ್ದೆ. ನೀನು ಊದುಬತ್ತಿ ಹಚ್ಚಿ ಒಬ್ಬನೇ ಒಂದಿಷ್ಟು ಹೊತ್ತು ಒಳಗೆ ನಿಂತಿದ್ದೆಯಲ್ಲ, ಆಗ ಮಾಡಿದ್ದು ಇರಬೇಕು. ನಾನು ಕೇಳುವುದಿಲ್ಲ, ನೀನು ಹೇಳಬೇಡ. ಆ ತುಂಡುಗಳನ್ನು ನಾನೂ ಕೊನೆಗೇ ತಿಂದೆ.

ಇನ್ನೊಂದು ತಪ್ಪಾಗಿದೆ, ಇದು ನನ್ನದು. ನೀನು ಹೊಸ್ತಿಲು ದಾಟಿದ ಕೂಡಲೇ ಊಟ ಹಾಕಿದೆ. ಸಂಜೆ ಮತ್ತೆ ಹಾಕಿದೆ. ಐದು ದಿನ ಹಾಕುತ್ತಲೇ ಇದ್ದೆ. ಬಸ್ಸು ಹೊಳೆಯ ತಿರುವು ದಾಟಿ ಕಣ್ಮರೆಯಾದ ಮೇಲೆ ನೆನಪಾಯಿತು. ಅಪ್ಪ ಹೇಳಿದ್ದರಲ್ಲಿ ಅರ್ಧವನ್ನಷ್ಟೇ ನಡೆಸಿದ್ದೇನೆ, ನಿನ್ನನ್ನು ಬೈಯುವುದನ್ನೇ ಮರೆತುಬಿಟ್ಟೆ.

ಅದೊಂದು ಬಾಕಿ ಇದೆ. ಬೇಗ ಬಾ.

ನಿನ್ನ ಅಕ್ಕ
ಲಾಯ್